ಗ್ರೀಸ್ ಪ್ರವಾಸ: ಯಾವ ದ್ವೀಪ ಅಂತ ಭಾನುವಾರದೊಳಗೆ ಹೇಳಿ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ಗ್ರೀಸ್‌ಗೆ ಹೊರಟಿರುವವರು ದಯವಿಟ್ಟು ಪೂರ್ತಿ ಓದಿ. ನಮಗಿರುವುದು 9 ದಿನ, ಎಲ್ಲರೂ ಹೇಳಿದ್ದು ಸೇರಿಸಿದರೆ ಐದು ದ್ವೀಪ ಆಗುತ್ತೆ, ಅಷ್ಟು ಸುತ್ತಿದರೆ ಅರ್ಧ ದಿನಗಳು ಬಂದರಿನಲ್ಲಿ ಬ್ಯಾಗ್ ಹಿಡಿದು ಕಾಯೋದ್ರಲ್ಲೇ ಕಳೆದುಹೋಗುತ್ತೆ. ಎರಡೇ ಸಾಕು, ಅಲ್ವಾ?

ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ ಫೆರಿ ಹತ್ತಿ ನಾಕ್ಸೋಸ್, ಅಲ್ಲಿಂದ ಸ್ಯಾಂಟೊರಿನಿ. ನಾಕ್ಸೋಸ್‌ನ ಮರಳಿನ ಬೀಚ್ ಮಕ್ಕಳಿಗೆ ಒಳ್ಳೇದು, ಬಂದರಿಗೆ ಬರುವಾಗಲೇ ಅಪೋಲೋ ಗುಡಿಯ ಅಮೃತಶಿಲೆಯ ಬಾಗಿಲು ಒಂಟಿಯಾಗಿ ನಿಂತಿರೋದು ಕಾಣುತ್ತೆ. ಸ್ಯಾಂಟೊರಿನಿಯಲ್ಲಿ ಮೆಟ್ಟಿಲೂ ಜಾಸ್ತಿ, ಖರ್ಚೂ ಜಾಸ್ತಿ, ಎರಡು ರಾತ್ರಿ ಇರೋಣ. ಕ್ರೀಟ್ ತುಂಬ ದೊಡ್ಡದು, ಇನ್ನೊಮ್ಮೆ ಹೋಗೋಣ.

ಗಾಳಿ ಜೋರಾದರೆ ಫೆರಿ ರದ್ದಾಗುತ್ತೆ. ಹಾಗಾಗಿ ವಿಮಾನದ ಹಿಂದಿನ ದಿನವೇ ಅಥೆನ್ಸ್‌ಗೆ ವಾಪಸ್.

ಒಪ್ಪಿಗೆಯಾದರೆ ‘ಸರಿ’ ಅಂತ ಹಾಕಿ, ಬೇರೆ ದ್ವೀಪ ಬೇಕಿದ್ದರೆ ಹೆಸರು ಬರೆಯಿರಿ. ಗ್ರೀಸ್‌ಗೆ ಹೋಗೋಕೆ ಬೇಕಾದ ಷೆಂಗೆನ್ ವೀಸಾ ಅರ್ಜಿಗೆ ಹೋಟೆಲ್ ಬುಕಿಂಗ್ ಬೇಕು, ತಡ ಮಾಡಬೇಡಿ.