67 ಸಾವಿರವೋ, 76 ಸಾವಿರವೋ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಗಣಿತ ಲೇಖನವನ್ನು ಆಸೆಪಟ್ಟು ಓದಿದೆ. ಎರಡರ 32ನೇ ಘಾತಕ್ಕೆ ಒಂದನ್ನು ಕೂಡಿಸಿದರೆ 429,49,76,297 ಬರುತ್ತದೆ, ಅದು 641ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ ಎಂದು ಅಚ್ಚಾಗಿತ್ತು. ಪೆನ್ಸಿಲ್ ಹಿಡಿದು ಕುಳಿತೆ. ಶೇಷ 26 ಉಳಿಯಿತು. ವಯಸ್ಸಾಯಿತು, ನನ್ನದೇ ತಪ್ಪಿರಬೇಕು ಎಂದುಕೊಂಡು ಮತ್ತೊಮ್ಮೆ ಭಾಗಿಸಿದೆ. ಮತ್ತೆ 26.

ಆಮೇಲೆ ಹಿಂದಿನಿಂದ ಬಂದೆ. ಅದೇ ಲೇಖನದಲ್ಲಿದ್ದ 67,00,417ನ್ನು 641ರಿಂದ ಗುಣಿಸಿದರೆ 429,49,67,297. ವ್ಯತ್ಯಾಸ 9,000. ಲೆಕ್ಕಪತ್ರ ವಿಭಾಗದಲ್ಲಿ 31 ವರ್ಷ ಗುಮಾಸ್ತನಾಗಿದ್ದವನಿಗೆ ಅಷ್ಟು ಸಾಕು. ಜಮಾ-ಖರ್ಚು ತಾಳೆಯಾಗದೆ, ವ್ಯತ್ಯಾಸವು ಒಂಬತ್ತರಿಂದ ಭಾಗವಾದರೆ, ಎಲ್ಲೋ ಎರಡು ಅಂಕಿಗಳು ಅದಲುಬದಲಾಗಿವೆ ಎಂಬುದೇ ನಮ್ಮ ಮೊದಲ ಗುಮಾನಿ. ಇಲ್ಲಿಯೂ 67 ಸಾವಿರ 76 ಸಾವಿರವಾಗಿ ಕುಳಿತಿದೆ.

ಕರಡು ತಿದ್ದುವವರನ್ನು ದೂರುತ್ತಿಲ್ಲ. ಅಂಕಿಗಳನ್ನು ಕೂಡಿ ನೋಡುವ ಒಂಬತ್ತರ ಪರೀಕ್ಷೆಯೂ ಇಂತಹ ಕಡೆ ಮೋಸಹೋಗುತ್ತದೆ: ಸರಿಯಾದ ಸಂಖ್ಯೆಯಲ್ಲಿ ಮೊತ್ತ 59, ತಪ್ಪಿನಲ್ಲೂ 59. ಹನ್ನೊಂದರ ಪರೀಕ್ಷೆ ಮಾತ್ರ ಕಳ್ಳನನ್ನು ಹಿಡಿಯುತ್ತದೆ. ಬಲತುದಿಯಿಂದ ಅಂಕಿಗಳನ್ನು ಒಮ್ಮೆ ಕೂಡಿ ಒಮ್ಮೆ ಕಳೆಯುತ್ತ ಹೋಗಿ. ಸರಿಯಾದದ್ದಕ್ಕೆ ಋಣ 17 ಬರುತ್ತದೆ, ನಿಮ್ಮದಕ್ಕೆ ಋಣ 15.

ಅಚ್ಚಿನ ತಪ್ಪಿಗಿಂತ ನನ್ನನ್ನು ಹೆಚ್ಚು ಕೆಣಕಿದ್ದು ಇನ್ನೊಂದು ಮಾತು. ಗಣಿತಜ್ಞ ಆಯ್ಲರ್ ಅವಿಭಾಜ್ಯ ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸುತ್ತ 641ರವರೆಗೆ ಬಂದರಂತೆ! 641 ಎಂಬುದು 116ನೆಯ ಅವಿಭಾಜ್ಯ. ಅಷ್ಟು ಕತ್ತೆದುಡಿಮೆ ಬೇಕಿರಲಿಲ್ಲ. 429,49,67,297ನ್ನು ಯಾವ ಅವಿಭಾಜ್ಯ ಭಾಗಿಸಿದರೂ, ಆ ಅವಿಭಾಜ್ಯವನ್ನು 64ರಿಂದ ಭಾಗಿಸಿದಾಗ ಒಂದು ಉಳಿಯಲೇಬೇಕು ಎಂದು ಮುಂದೆ ಅವರೇ ಸಾಧಿಸಿ ತೋರಿಸಿದ್ದಾರೆ. ಆ ಜರಡಿಯಲ್ಲಿ ಸೋಸಿದರೆ ಸಿಗುವುದು 193, 257, 449, 577, ಐದನೆಯದೇ 641. ಎರಡರ ಎರಡನೆಯ, ನಾಲ್ಕನೆಯ, ಎಂಟನೆಯ, ಹದಿನಾರನೆಯ ಘಾತಗಳಿಗೆ ಒಂದನ್ನು ಕೂಡಿಸಿದಾಗ 5, 17, 257, 65,537 ಎಂದು ಅವಿಭಾಜ್ಯಗಳೇ ಸಾಲಾಗಿ ಬಂದದ್ದನ್ನು ಕಂಡು, ಮುಂದಿನವೂ ಹಾಗೆಯೇ ಇರುತ್ತವೆ ಎಂದು 1640ರಲ್ಲಿ ನಂಬಿದವರು ಗಣಿತಜ್ಞ ಫರ್ಮಾ. ಐದು ಭಾಗಾಕಾರದ ದೂರದಲ್ಲಿದ್ದ ಸತ್ಯ 1732ರವರೆಗೆ, ಆಯ್ಲರ್ ಬರುವವರೆಗೆ, ಕಾದಿತ್ತು. ಫರ್ಮಾರಂತಹ ಮಹಾನುಭಾವರೂ ತಾಳೆ ನೋಡದೆ ಸಹಿ ಹಾಕಿದ್ದನ್ನು ನೆನೆದರೆ, ನಿಜ ಹೇಳಬೇಕೆಂದರೆ, ನನಗೆ ಸ್ವಲ್ಪ ಸಮಾಧಾನವೇ ಆಗುತ್ತದೆ.

ಜಾಗವಿದ್ದರೆ ಇದನ್ನೂ ಹಾಕಿ: 641 ಎಂದರೆ 5ರ ನಾಲ್ಕನೇ ಘಾತ ಮತ್ತು 2ರ ನಾಲ್ಕನೇ ಘಾತದ ಮೊತ್ತ. ಅದೇ 641 ಎಂದರೆ 5ನ್ನು 2ರ ಏಳನೇ ಘಾತದಿಂದ ಗುಣಿಸಿ ಒಂದು ಕೂಡಿಸಿದ್ದು. ಪ್ರೌಢಶಾಲೆಯ ಜಾಣ ಮಕ್ಕಳು ಈ ಎರಡು ಸಾಲುಗಳಿಂದಲೇ, ಹತ್ತಂಕಿಯ ಭಾಗಾಕಾರಕ್ಕೆ ಕೈಹಾಕದೆ, ಉತ್ತರಕ್ಕೆ ಬರಬಲ್ಲರು.

ತಿದ್ದುಪಡಿ ಪ್ರಕಟಿಸುವಾಗ ದಯವಿಟ್ಟು ಆ 67ನ್ನು ಇನ್ನೊಮ್ಮೆ ನೋಡಿಕೊಳ್ಳಿ.

ಇತಿ,
ಒಬ್ಬ ನಿವೃತ್ತ ಗುಮಾಸ್ತ