ಜೂನ್‌ನಿಂದ ನಮ್ಮ ಶಿಶುವಿಹಾರದ ಟೀಚರ್‌ಗಳ ವಿಷಯದಲ್ಲಿ ಆಗುವ ಬದಲಾವಣೆ: ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರಿಗೆ,

ನಮಸ್ಕಾರ. ಫೀಸು ಜಾಸ್ತಿ ಆಗುತ್ತಂತೆ, ಹಳೇ ಮಿಸ್‌ಗಳನ್ನು ತೆಗೆದುಬಿಟ್ಟರಂತೆ, ಎಲ್‌ಕೆಜಿಗೆ ಇನ್ನು ಬರವಣಿಗೆಯೇ ಇಲ್ಲವಂತೆ ಎಂದು ಗೇಟಿನ ಹತ್ತಿರ ಮಾತು ನಡೆಯುತ್ತಿದೆ. ಮೊದಲನೆಯದು ನಿಜ, ಎರಡನೆಯದು ಸುಳ್ಳು, ಮೂರನೆಯದು ಅರ್ಧ ನಿಜ.

ವಿಷಯ ಇಷ್ಟು. ಈ ಜೂನ್‌ನಿಂದ ನಮ್ಮ ಮಹಿಳಾ ಸಹಕಾರ ಸಂಘದ ಶಿಶುವಿಹಾರದಲ್ಲಿ ಪ್ರತಿ ತರಗತಿಗೂ ಎರಡು ವರ್ಷದ ಪೂರ್ವ ಪ್ರಾಥಮಿಕ ತರಬೇತಿ ಮುಗಿಸಿದ ಒಬ್ಬ ಟೀಚರ್ ಇರುತ್ತಾರೆ. ಅವರ ಜೊತೆ ಒಬ್ಬ ಸಹಾಯಕಿ ಇರುತ್ತಾರೆ. ಒಂದು ತರಗತಿಗೆ 20 ಮಕ್ಕಳು, ಅದರ ಮೇಲೆ ಒಬ್ಬರನ್ನೂ ಸೇರಿಸಿಕೊಳ್ಳುವುದಿಲ್ಲ. ತಿಂಗಳ ಫೀಸು 1,400ರಿಂದ 1,800 ರೂಪಾಯಿಗೆ ಏರುತ್ತದೆ. ಏರಿದ ದುಡ್ಡು ಟೀಚರ್‌ಗಳ ಸಂಬಳಕ್ಕೇ ಹೋಗುತ್ತದೆ. ಲೆಕ್ಕದ ಪುಸ್ತಕ ಆಫೀಸಿನಲ್ಲಿದೆ, ಯಾರು ಬೇಕಾದರೂ ಬಂದು ನೋಡಬಹುದು.

20 ಎನ್ನುವ ಲೆಕ್ಕ ನಾವೇ ಹುಟ್ಟಿಸಿದ್ದಲ್ಲ. 2013ರ ರಾಷ್ಟ್ರೀಯ ಶಿಶು ಶಿಕ್ಷಣ ನೀತಿಯಲ್ಲೇ ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬರು ದೊಡ್ಡವರು ಇರಬೇಕು ಎಂದಿದೆ. ಮೂರು ವರ್ಷದೊಳಗಿನವರಾದರೆ 10 ಮಕ್ಕಳಿಗೆ ಒಬ್ಬರು.

ಇನ್ನು ಓದಿನ ವಿಷಯ. "ಇಷ್ಟು ಚಿಕ್ಕ ಮಕ್ಕಳನ್ನು ನೋಡಿಕೊಳ್ಳೋಕೆ ಎರಡು ವರ್ಷದ ಕೋರ್ಸ್ ಯಾಕ್ರೀ?" ಎಂದು ತುಂಬಾ ಜನ ಕೇಳಿದಿರಿ. ಟೀಚರ್‌ಗಳ ಅರ್ಹತೆಯನ್ನು ತೀರ್ಮಾನಿಸುವುದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿ, ಅಂದರೆ ಎನ್‌ಸಿಟಿಇ. ಅದರ 2014ರ ನಿಯಮದ ಪ್ರಕಾರ ನರ್ಸರಿ ಟೀಚರ್ ಆಗುವವರು ಪಿಯುಸಿಯಲ್ಲಿ ಶೇ. 50 ಅಂಕ ಪಡೆದು, ಆಮೇಲೆ ಕನಿಷ್ಠ ಎರಡು ವರ್ಷದ ಪೂರ್ವ ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ ಮಾಡಿರಬೇಕು. ನರ್ಸರಿಗೆಂದೇ ಇರುವ ಬಿ.ಎಡ್ ಆದರೂ ಆಗುತ್ತದೆ.

ಇಲ್ಲೊಂದು ಮಾತು. ಎನ್‌ಟಿಟಿ, ಅಂದರೆ ನರ್ಸರಿ ಟೀಚರ್ ಟ್ರೈನಿಂಗ್ ಎಂದು ಬರೆದ ಸರ್ಟಿಫಿಕೇಟ್‌ಗಳು ನಮಗೆ ರಾಶಿ ಬಂದವು. ಆರು ತಿಂಗಳದ್ದು, ಮೂರು ತಿಂಗಳದ್ದು, ಮನೆಯಲ್ಲೇ ಕೂತು ಮುಗಿಸಿದ್ದು. ಚಿನ್ನದ ಬಣ್ಣದ ಸೀಲು ಎಲ್ಲದರ ಮೇಲೂ ಇತ್ತು. ನಾವು ನೋಡಿದ್ದು ಎರಡೇ: ಎಷ್ಟು ದಿನದ ಕೋರ್ಸ್, ಎನ್‌ಸಿಟಿಇ ಮಾನ್ಯತೆ ಇದೆಯಾ. ನಿಮ್ಮ ಮನೆಯ ಹೆಣ್ಣುಮಕ್ಕಳು ಯಾರಾದರೂ ಈ ಕೋರ್ಸಿಗೆ ಸೇರುವವರಿದ್ದರೆ, ಫೀಸು ಕಟ್ಟುವ ಮುಂಚೆ ಈ ಎರಡನ್ನೂ ಕೇಳಿ.

ಬಿ.ಎಡ್ ಆದವರನ್ನು ಯಾಕೆ ಬಿಟ್ಟಿರಿ ಎಂದೂ ಕೇಳಿದಿರಿ. ಸಾಮಾನ್ಯ ಬಿ.ಎಡ್ ಇರುವುದು ಆರನೇ ತರಗತಿಯಿಂದ ಮೇಲಿನ ಪಾಠಕ್ಕೆ. ಒಂದರಿಂದ ಐದನೇ ತರಗತಿಯ ಟೀಚರ್ ಆಗಲೂ ಅದು ಸಾಲದು ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಹೇಳಿದೆ. ಹಾಗಿರುವಾಗ ಮೂರೂವರೆ ವರ್ಷದ ಮಗುವಿನ ಮುಂದೆ ಅದನ್ನು ಹಿಡಿದು ನಿಂತರೆ ಏನು ಪ್ರಯೋಜನ?

ಹಾಗಂತ ಸರ್ಟಿಫಿಕೇಟ್ ನೋಡಿ ಕೆಲಸ ಕೊಟ್ಟುಬಿಡಲಿಲ್ಲ. ಬಂದವರನ್ನೆಲ್ಲ ಮಕ್ಕಳ ಮಧ್ಯೆ ಕೂರಿಸಿ ಒಂದು ಕಥೆ ಹೇಳಿ ಎಂದೆವು. ಒಬ್ಬರು ಕಾಗೆ ಗುಬ್ಬಿ ಕಥೆ ಶುರು ಮಾಡಿದರು. ಅರ್ಧದಲ್ಲಿ ಒಬ್ಬ ಹುಡುಗ ಎದ್ದು ಕಿಟಕಿಗೆ ಹೋಗಿ ಸರಳು ಹಿಡಿದು ನಿಂತ. "ಬಾ, ಕೂತ್ಕೋ" ಎಂದು ಕರೆಯುತ್ತಾರೆ ಅಂದುಕೊಂಡೆವು. ಕರೆಯಲಿಲ್ಲ. "ಅಷ್ಟರಲ್ಲಿ ಕಾಗೆ ಕಿಟಕಿ ಹತ್ರ ಬಂತು. ಅಲ್ಲಿ ಯಾರೋ ನಿಂತಿದ್ರು. ಕಾಗೆ ಏನು ಕೇಳ್ತು ಗೊತ್ತಾ?" ಎಂದರು. ಹುಡುಗ ತಿರುಗಿ, "ಚಕ್ಲಿ!" ಅಂದ. ಕಥೆಯೊಳಗೆ ಚಕ್ಲಿಯೂ ಬಂತು, ಹುಡುಗನೂ ವಾಪಸ್ ಬಂದು ಕೂತ. ಜೂನ್‌ನಿಂದ ಎಲ್‌ಕೆಜಿ ಅವರದ್ದು.

ಈಗ ಬರವಣಿಗೆ. ಎಲ್‌ಕೆಜಿ ಮಕ್ಕಳಿಗೆ ನಾಲ್ಕು ಗೆರೆ ಪುಸ್ತಕದ ಹೋಂವರ್ಕ್ ಇರುವುದಿಲ್ಲ. ಸ್ಲೇಟು, ಬಳಪ, ಗೋಡೆಯ ಬೋರ್ಡು ಇರುತ್ತವೆ, ಗೀಚಲಿ. ಈ ವಯಸ್ಸಿಗೆ ಬೆರಳುಗಳಿಗೆ ಇನ್ನೂ ಬಲ ಬಂದಿರುವುದಿಲ್ಲ. ಹಿಟ್ಟು ನಾದುವುದು, ಮಣಿ ಪೋಣಿಸುವುದು, ಕಾಗದ ಹರಿದು ಅಂಟಿಸುವುದು, ಡಬ್ಬಿ ಮುಚ್ಚಳ ತಾನೇ ತೆಗೆಯುವುದು, ಇದೆಲ್ಲ ಪೆನ್ಸಿಲ್ ಹಿಡಿಯುವ ತಯಾರಿಯೇ. ಲೆಕ್ಕವೂ ಹಾಗೇ. ನೂರರವರೆಗೆ ಬಾಯಿಪಾಠ ಒಪ್ಪಿಸುವ ಮಗುವಿಗೆ "ಏಳು ಹುಣಸೆ ಬೀಜ ಕೊಡು" ಅಂದರೆ ಕೈತುಂಬಾ ಬಾಚಿ ಕೊಡುತ್ತದೆ. ಆ ಏಳನ್ನು ಎಣಿಸಿ ಕೊಡುವಂತೆ ಮಾಡುವುದು ಟೀಚರ್ ಕೆಲಸ. ಮನೆಗೆ ಬಂದ ನೆಂಟರ ಮುಂದೆ ತೋರಿಸಲು ಇದು ಅಷ್ಟು ಚೆನ್ನಾಗಿರುವುದಿಲ್ಲ, ಒಪ್ಪುತ್ತೇವೆ.

ಮಾರ್ಕ್ಸ್ ಕಾರ್ಡ್ ಕೂಡ ನಿಲ್ಲುತ್ತದೆ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಆರು ವರ್ಷದವರಿಗೆ ಪರೀಕ್ಷೆ ಬೇಡವೇ ಬೇಡ ಎನ್ನುತ್ತದೆ. ಅದರ ಬದಲು ಟೀಚರ್ ಪ್ರತಿ ಮಗುವಿನ ಬಗ್ಗೆ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. "ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ಎರಡು ಸಲ ನೋಡಿದೆ, ಕಿವಿ ತೋರಿಸಲು ಹೇಳಬೇಕು." "ಮನೆಯಲ್ಲಿ ಉರ್ದು. ನೀರು, ಸೂಸು ಎರಡು ಮಾತು ಬರುತ್ತವೆ, ಆಟದಲ್ಲಿ ಎಲ್ಲರ ಜೊತೆ ಬೆರೆಯುತ್ತಾನೆ." ಹೀಗಿರುತ್ತವೆ. ಇದನ್ನು ಬರೆಯಲು ಮಕ್ಕಳು ಹೋದ ಮೇಲೆ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಗೂ ಸಂಬಳ ಕೊಡುತ್ತೇವೆ. ಎರಡು ತಿಂಗಳಿಗೊಮ್ಮೆ ನಿಮ್ಮನ್ನು ಕೂರಿಸಿಕೊಂಡು ಅದನ್ನು ಓದಿ ಹೇಳುತ್ತಾರೆ.

ಟೀಚರ್ ಗಮನ ಮಕ್ಕಳ ಮೇಲೇ ಇರಬೇಕು. ಅದಕ್ಕೇ ಇನ್ನೊಂದು ಬದಲಾವಣೆ: ತರಗತಿ ನಡೆಯುವಾಗ ವಾಟ್ಸಾಪ್ ಗ್ರೂಪಿಗೆ ಫೋಟೊ ಬರುವುದಿಲ್ಲ. "ಮಿಸ್, ನಮ್ ಪುಟ್ಟಿ ಊಟ ಮಾಡಿದ್ಲಾ?" ಎನ್ನುವ ಮೆಸೇಜಿಗೆ ಉತ್ತರ ಕೊಡುವ ಹೊತ್ತಿಗೆ ಪಕ್ಕದಲ್ಲಿ ಯಾರದೋ ಮೂಗಿನೊಳಗೆ ಮಣಿ ಹೋಗಿರುತ್ತದೆ. ಟೀಚರ್ ಫೋನ್ ಆಫೀಸಿನ ಡ್ರಾಯರ್‌ನಲ್ಲಿರುತ್ತದೆ. ತುರ್ತು ಇದ್ದರೆ ಆಫೀಸಿಗೆ ಫೋನ್ ಮಾಡಿ, ಓಡಿ ಹೋಗಿ ಹೇಳುತ್ತೇವೆ.

ಬಟ್ಟೆ ಒದ್ದೆಯಾದರೆ ಬದಲಿಸುವುದು, ಬಾತ್‌ರೂಮಿಗೆ ಕರೆದುಕೊಂಡು ಹೋಗುವುದು ಮುಖ್ಯವಾಗಿ ಸಹಾಯಕಿಯ ಕೆಲಸ. ಆದರೆ ಮಗುವನ್ನು ಗೇಟಿನಲ್ಲಿ ಯಾರ ಕೈಗೆ ಕೊಟ್ಟೆವು ಎನ್ನುವ ಜವಾಬ್ದಾರಿ ಟೀಚರ್‌ದೇ. ರಿಜಿಸ್ಟರ್‌ನಲ್ಲಿ ಹೆಸರು, ಫೋಟೊ ಇಲ್ಲದವರು ಸ್ವಂತ ಸೋದರಮಾವ ಆದರೂ ಕೊಡುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆ, ಮಕ್ಕಳ ಸಹಾಯವಾಣಿ 1098ರ ಬಗ್ಗೆ ಆಟೊದವರೂ ಸೇರಿ ನಮ್ಮ ಎಲ್ಲರಿಗೂ ಮೇ ತಿಂಗಳಲ್ಲಿ ಒಂದು ದಿನದ ತರಬೇತಿ ಇದೆ.

ಹಳೇ ಮಿಸ್‌ಗಳು ಎಲ್ಲೂ ಹೋಗಿಲ್ಲ. ಇಬ್ಬರೂ ಪಿಯುಸಿ ಓದಿದವರು. ಈ ಊರಿನ ಅರ್ಧ ಹುಡುಗರ ಮೂಗು ಒರೆಸಿದವರು. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ಶಿಶು ಪಾಲನೆ, ಶಿಕ್ಷಣದ ದೂರಶಿಕ್ಷಣ ಡಿಪ್ಲೊಮಾಗೆ ಸೇರುತ್ತಿದ್ದಾರೆ, ಅದರ ಫೀಸು ಸಂಘ ಕಟ್ಟುತ್ತದೆ. ಆ ಕೋರ್ಸು ಎರಡು ವರ್ಷದ ತರಬೇತಿಗೆ ಸಮ ಅಲ್ಲ. ಹಾಗಾಗಿ ಸದ್ಯಕ್ಕೆ ಸಹಶಿಕ್ಷಕಿಯರಾಗಿ ಇರುತ್ತಾರೆ. ಸಂಬಳ ಒಂದು ರೂಪಾಯಿಯೂ ಕಡಿಮೆ ಆಗುವುದಿಲ್ಲ. ಅಳುವ ಮಗುವನ್ನು ಸಮಾಧಾನ ಮಾಡುವುದನ್ನು ಹೊಸ ಟೀಚರ್‌ಗಳೇ ಇವರಿಂದ ಕಲಿಯಬೇಕು.

400 ರೂಪಾಯಿ ಎಲ್ಲರಿಗೂ ಸಣ್ಣ ಮೊತ್ತ ಅಲ್ಲ ಎನ್ನುವುದು ನಮಗೂ ಗೊತ್ತು. ಸಂಘದ ಸದಸ್ಯರ ಮಕ್ಕಳಿಗೂ, ಒಂದೇ ಮನೆಯ ಎರಡನೇ ಮಗುವಿಗೂ ಹಳೇ ಫೀಸೇ ಇರುತ್ತದೆ. ಅದೂ ಕಷ್ಟ ಎನ್ನುವವರು ಅಂಗನವಾಡಿಗೆ ಸೇರಿಸಲು ಹಿಂಜರಿಯಬೇಡಿ. ಫೀಸಿಲ್ಲ, ಊಟವೂ ಇದೆ. ನಮ್ಮ ಬೀದಿಯ ಅಂಗನವಾಡಿ ಕಾರ್ಯಕರ್ತೆ ಮಕ್ಕಳ ತೂಕ ನೋಡಿ, ಸರ್ವೆ ಮಾಡಿ, ಅದರ ಮಧ್ಯೆ ಹಾಡು ಕಥೆಯನ್ನೂ ಹೇಳುತ್ತಾರೆ. ಅಷ್ಟು ಕೆಲಸ ನಮ್ಮ ಕೈಲಿ ಆಗುವುದಿಲ್ಲ.

ಮುಂದುವರಿಸುವವರು ಮೇ 20ರೊಳಗೆ ಆಫೀಸಿಗೆ ತಿಳಿಸಿ. ಮಗುವನ್ನು ಕರೆದುಕೊಂಡು ಹೋಗುವವರ ಪಾಸ್‌ಪೋರ್ಟ್ ಸೈಜಿನ ಫೋಟೊ, ಮಗುವಿಗೆ ಯಾವುದಾದರೂ ಔಷಧಿ ಅಥವಾ ತಿಂಡಿ ಆಗದಿದ್ದರೆ ಅದರ ವಿವರ ತನ್ನಿ. ಹೊಸ ಟೀಚರ್‌ಗಳು ಮೇ ಕೊನೆಯ ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಇಲ್ಲೇ ಇರುತ್ತಾರೆ. ಬಂದು ಮಾತಾಡಿ, ಮಕ್ಕಳನ್ನೂ ಕರೆದುಕೊಂಡು ಬನ್ನಿ.

ಇಂತಿ,
ಕಾರ್ಯದರ್ಶಿ
ಮಹಿಳಾ ಸಹಕಾರ ಸಂಘದ ಪರವಾಗಿ