ತಾನಾಗಿ ಆಗುವ ಅಪ್‌ಡೇಟ್: ಬರುವ ತಿಂಗಳಿನಿಂದ ನಮ್ಮ ಅಂಗಡಿಯಲ್ಲಿ ಹೊಸ ಪದ್ಧತಿ

ಮಾನ್ಯ ಗ್ರಾಹಕರೇ, ನಮಸ್ಕಾರ.

ಧಾರವಾಡದ ನಮ್ಮ ಅಂಗಡಿಯಲ್ಲಿ ಫೋನ್ ಕೊಂಡವರಿಗೂ ರಿಪೇರಿಗೆ ಕೊಟ್ಟವರಿಗೂ ನಮ್ಮದೊಂದು ರೂಢಿ ಗೊತ್ತಿದ್ದದ್ದೇ. ಫೋನ್ ಕೈಗೆ ಕೊಡುವ ಮುಂಚೆ ಸೆಟ್ಟಿಂಗ್ಸ್‌ಗೆ ಹೋಗಿ, ತಾನಾಗಿ ಆಗುವ ಅಪ್‌ಡೇಟ್‌ಗಳನ್ನೆಲ್ಲ ಬಂದ್ ಮಾಡಿ ಕೊಡುತ್ತಿದ್ದೆವು. ಬರುವ ತಿಂಗಳ ಒಂದನೇ ತಾರೀಖಿನಿಂದ ಈ ರೂಢಿ ನಿಲ್ಲುತ್ತದೆ. ಯಾವುದು ಚಾಲೂ ಇರಬೇಕು, ಯಾವುದು ಬಂದ್ ಇರಬೇಕು ಎಂದು ನಿಮ್ಮನ್ನೇ ಕೇಳುತ್ತೇವೆ. ನೀವು ಹೇಳಿದ್ದನ್ನು ಜಾಬ್ ಕಾರ್ಡಿನ (ನಿಮ್ಮ ಫೋನಿನ ಕೆಲಸ ಬರೆದಿಡುವ ಅಂಗಡಿಯ ಚೀಟಿ) ಮೇಲೆ ಬರೆದು, ನಿಮ್ಮ ಸಹಿ ಪಡೆದು, ಹಾಗೆಯೇ ಇಟ್ಟು ಕೊಡುತ್ತೇವೆ.

ಹಳೆಯ ರೂಢಿ ಹುಟ್ಟಿದ್ದು ಡೇಟಾ ದುಬಾರಿಯಾಗಿದ್ದ ಕಾಲದಲ್ಲಿ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬರುವವರೆಗೆ ತಿಂಗಳಿಗೆ ಒಂದು ಜಿಬಿ ಪ್ಯಾಕಿಗೆ ಇನ್ನೂರರ ಮೇಲೆ ಎಣಿಸಬೇಕಿತ್ತು. ರಾತ್ರಿ ಮಲಗಿದ ಹೊತ್ತಿನಲ್ಲಿ ಫೋನ್ ತಾನೇ ನಾಲ್ಕು ಆ್ಯಪ್ ಇಳಿಸಿಕೊಂಡರೆ ಬೆಳಗಾಗುವುದರೊಳಗೆ ಪ್ಯಾಕ್ ಖಾಲಿ. ಫೋನಿನಲ್ಲಿ ಜಾಗವೂ ಅಷ್ಟಕ್ಕಷ್ಟೆ. “ಅಪ್‌ಡೇಟ್ ಗಿಪ್‌ಡೇಟ್ ಬ್ಯಾಡ್ರೀ, ಎಲ್ಲಾ ಬಂದ್ ಮಾಡಿ ಕೊಡ್ರಿ” ಎಂದೇ ಎಲ್ಲರೂ ಹೇಳುತ್ತಿದ್ದರು. ಹೇಳದವರಿಗೂ ಹಾಗೆ ಮಾಡಿಕೊಡುವುದು ಆಗ ಒಂದು ಉಪಕಾರವೇ ಆಗಿತ್ತು. ಈಗ ಡೇಟಾ ಅಗ್ಗವಾಗಿದೆ, ಬಹಳ ಮನೆಗಳಲ್ಲಿ ವೈಫೈ ಇದೆ. ಅದಕ್ಕಿಂತ ದೊಡ್ಡ ಬದಲಾವಣೆ ಎಂದರೆ ಫೋನಿನೊಳಗೆ ಈಗ ದುಡ್ಡಿದೆ. ತರಕಾರಿ ಗಾಡಿಯಿಂದ ಕರೆಂಟ್ ಬಿಲ್ಲಿನವರೆಗೆ ಎಲ್ಲವನ್ನೂ ಅದರಿಂದಲೇ ಕಟ್ಟುತ್ತೇವೆ. ಇಂಥ ಫೋನಿಗೆ ಬರುವ ಎಲ್ಲ ಅಪ್‌ಡೇಟನ್ನೂ ಕಣ್ಣುಮುಚ್ಚಿ ತಡೆಯುವುದು ಸರಿಹೋಗುವುದಿಲ್ಲ. ಹಾಗಂತ ಎಲ್ಲವನ್ನೂ ಕಣ್ಣುಮುಚ್ಚಿ ಬಿಟ್ಟುಕೊಳ್ಳಿ ಎಂದೂ ನಾವು ಹೇಳುತ್ತಿಲ್ಲ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದವಾಗಿದೆ.

ಅಪ್‌ಡೇಟ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. ಸೆಕ್ಯುರಿಟಿ ಪ್ಯಾಚ್, ಫೋನನ್ನೇ ನಡೆಸುವ ಮೂಲ ಸಾಫ್ಟ್‌ವೇರ್ ಆದ ಆಂಡ್ರಾಯ್ಡ್ ಅಥವಾ ಐಓಎಸ್‌ನ (ಐಫೋನಿನದು) ಹೊಸ ಆವೃತ್ತಿ, ಆಮೇಲೆ ಒಂದೊಂದು ಆ್ಯಪಿನ ಅಪ್‌ಡೇಟ್. ಮೊದಲಿನದು ಬಾಗಿಲಿನ ಮುರಿದ ಚಿಲಕ ಸರಿಮಾಡಿದಂತೆ, ಎರಡನೆಯದು ಮನೆಯನ್ನೇ ಬಿಚ್ಚಿ ಹೊಸದಾಗಿ ಕಟ್ಟಿದಂತೆ. ಎರಡಕ್ಕೂ ಒಂದೇ ಉತ್ತರ ಕೊಡಲಾಗುವುದಿಲ್ಲ.

ಚಿಲಕದ ವಿಷಯದಲ್ಲಿ ನಮಗೆ ಅನುಮಾನವಿಲ್ಲ. 2015ರ ಜುಲೈನಲ್ಲಿ ಆಂಡ್ರಾಯ್ಡ್‌ನ ಸ್ಟೇಜ್‌ಫ್ರೈಟ್ ಎಂಬ ಭಾಗದಲ್ಲಿ ದೊಡ್ಡ ದೋಷಗಳಿರುವುದು ಬಯಲಾಯಿತು. ವಿಡಿಯೋ, ಆಡಿಯೋ ತೆರೆಯುವ ಭಾಗ ಅದು. ಕಳ್ಳರಿಗೆ ನಿಮ್ಮ ನಂಬರ್ ಒಂದು ಗೊತ್ತಿದ್ದರೆ ಸಾಕು. ಬೇಕೆಂದೇ ಕೆಡಿಸಿದ ವಿಡಿಯೋ ಇರುವ ಒಂದು ಎಂಎಂಎಸ್ (ಫೋಟೊ, ವಿಡಿಯೋ ಹೊತ್ತ ಮೆಸೇಜ್) ಕಳಿಸಿ ಫೋನಿನೊಳಗೆ ನುಗ್ಗಬಹುದಿತ್ತು. ಕೆಲವು ಫೋನ್‌ಗಳಲ್ಲಿ ನೀವು ಆ ಮೆಸೇಜನ್ನು ತೆರೆಯುವ ಅಗತ್ಯವೂ ಇರಲಿಲ್ಲ. ಅದರ ಮರುತಿಂಗಳಿನಿಂದಲೇ ಗೂಗಲ್ ಪ್ರತಿ ತಿಂಗಳೂ ಸೆಕ್ಯುರಿಟಿ ಪ್ಯಾಚ್ ಹೊರಡಿಸಲು ಶುರು ಮಾಡಿತು. ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್ ಎಂಬಲ್ಲಿ ನೋಡಿದರೆ ಸೆಕ್ಯುರಿಟಿ ಪ್ಯಾಚಿನ ತಾರೀಖು ಸಿಗುತ್ತದೆ. ಅದು ಎರಡು ವರ್ಷ ಹಿಂದಿನದಾಗಿದ್ದರೆ, ಅಲ್ಲಿಂದ ಇಲ್ಲಿಯವರೆಗೆ ಲೋಕಕ್ಕೆಲ್ಲ ಗೊತ್ತಾಗಿರುವ ದೋಷಗಳು ನಿಮ್ಮ ಫೋನಿನಲ್ಲಿ ಹಾಗೆಯೇ ಇವೆ ಎಂದು ತಿಳಿಯಿರಿ. ಸೈಬರ್ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ ಕೂಡ ಆಂಡ್ರಾಯ್ಡ್, ಐಫೋನ್ ಎರಡರ ಬಗ್ಗೆಯೂ ಆಗಾಗ ಎಚ್ಚರಿಕೆ ಕೊಟ್ಟು, ಪ್ಯಾಚ್ ಹಾಕಿಕೊಳ್ಳಿ ಎಂದೇ ಹೇಳುತ್ತದೆ.

ಹೊಸ ಆವೃತ್ತಿಯ ಮಾತು ಬೇರೆ. “ಅಪ್‌ಡೇಟ್ ಮಾಡಿದ ಮ್ಯಾಲೆ ಫೋನ್ ಸ್ಲೋ ಆತ್ರೀ” ಎಂದು ನೀವು ಹೇಳಿದಾಗ ಅದನ್ನು ನಾವು ಬರೀ ಭ್ರಮೆ ಎಂದು ತಳ್ಳಿಹಾಕುವುದಿಲ್ಲ. 2018ರ ಅಕ್ಟೋಬರಿನಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಇದೇ ವಿಷಯಕ್ಕೆ ಆಪಲ್‌ಗೆ 1 ಕೋಟಿ ಯೂರೋ, ಸ್ಯಾಮ್ಸಂಗ್‌ಗೆ 50 ಲಕ್ಷ ಯೂರೋ ದಂಡ ಹಾಕಿತು. ಐಫೋನ್ 6 ಇಟ್ಟುಕೊಂಡವರಿಗೆ ಐಫೋನ್ 7ಕ್ಕಾಗಿ ಸಿದ್ಧಪಡಿಸಿದ ಐಓಎಸ್ 10 ಹಾಕಿಕೊಳ್ಳಿ ಎಂದೂ, ಗ್ಯಾಲಕ್ಸಿ ನೋಟ್ 4 ಇಟ್ಟುಕೊಂಡವರಿಗೆ ನೋಟ್ 7ಕ್ಕೆಂದು ಮಾಡಿದ ಆಂಡ್ರಾಯ್ಡ್ ಹಾಕಿಕೊಳ್ಳಿ ಎಂದೂ ಒತ್ತಾಯ ಮಾಡಿದ್ದರು, ಹಳೆಯ ಫೋನಿಗೆ ಅದು ಭಾರವಾಗಬಹುದು ಎಂದು ಸರಿಯಾಗಿ ತಿಳಿಸಿರಲಿಲ್ಲ ಎನ್ನುವುದು ಅಲ್ಲಿನ ತೀರ್ಮಾನ. ಆಪಲ್‌ನ ಬ್ಯಾಟರಿ ಪ್ರಕರಣವಂತೂ ಎಲ್ಲರೂ ಕೇಳಿದ್ದೇ. 2017ರ ಜನವರಿಯ ಐಓಎಸ್ 10.2.1 ಅಪ್‌ಡೇಟ್, ಬ್ಯಾಟರಿ ಸವೆದ ಫೋನ್ ಹಠಾತ್ತನೆ ಆಫ್ ಆಗದಿರಲಿ ಎಂದು ಅದರ ವೇಗವನ್ನೇ ತಗ್ಗಿಸಿತ್ತು. ಕಂಪನಿ ಇದನ್ನು ಸ್ಪಷ್ಟವಾಗಿ ಒಪ್ಪಿಕೊಂಡದ್ದು ಆ ವರ್ಷದ ಡಿಸೆಂಬರಿನಲ್ಲಿ. ಬೇಡದವರು ಆಫ್ ಮಾಡಿಕೊಳ್ಳಲು ಸ್ವಿಚ್ ಸಿಕ್ಕಿದ್ದು 2018ರ ಮಾರ್ಚಿನ 11.3ರಲ್ಲಿ. ಜನರಿಗೆ ಮೊದಲೇ ತಿಳಿಸಲಿಲ್ಲ ಎಂಬ ಕಾರಣಕ್ಕೆ ಫ್ರಾನ್ಸ್ 2020ರಲ್ಲಿ ಎರಡೂವರೆ ಕೋಟಿ ಯೂರೋ ದಂಡ ಹಾಕಿತು. ಅಂದಹಾಗೆ, ಆ ಅಪ್‌ಡೇಟಿನ ಹಿಂದಿನ ತಾಂತ್ರಿಕ ಕಾರಣ ನಮಗೆ ಸರಿಯೆನಿಸುತ್ತದೆ. ಸವೆದ ಬ್ಯಾಟರಿ ದಿನಾ ನಮ್ಮ ಮೇಜಿಗೆ ಬರುತ್ತದೆ, ಅದರ ಆಟ ಗೊತ್ತು. ಹೇಳದೆ ಮಾಡಿದ್ದು ಮಾತ್ರ ಸರಿಯಲ್ಲ.

ನಮ್ಮ ದೇಶದಲ್ಲೂ ಈ ಪ್ರಶ್ನೆ ಎದ್ದಿದೆ. ಐಓಎಸ್ 18 ಹಾಕಿಕೊಂಡ ಮೇಲೆ ಐಫೋನ್ ಸರಿಯಾಗಿ ನಡೆಯುತ್ತಿಲ್ಲ ಎಂಬ ದೂರುಗಳು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಹೋಗಿ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆಪಲ್‌ಗೆ ನೋಟಿಸ್ ಕೊಟ್ಟಿರುವುದಾಗಿ 2025ರ ಜನವರಿಯಲ್ಲಿ ಗ್ರಾಹಕ ವ್ಯವಹಾರಗಳ ಸಚಿವ, ಧಾರವಾಡದ ಸಂಸದರೂ ಆದ ಪ್ರಹ್ಲಾದ ಜೋಶಿ ತಿಳಿಸಿದ್ದರು. ಆ ಸಹಾಯವಾಣಿಯ ನಂಬರ್ 1915. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೆಲಸವಾಗದಿದ್ದರೆ ನೀವೂ ಬಳಸಿಕೊಳ್ಳಬಹುದು.

ಹೊಸ ಆವೃತ್ತಿಯ ವಿಷಯದಲ್ಲಿ ನಮ್ಮನ್ನು ಕಾಡುವುದು ಇನ್ನೊಂದು. ಒಮ್ಮೆ ಹಾಕಿದರೆ ಹಿಂದಕ್ಕೆ ಬರುವುದು ಹೆಚ್ಚುಕಡಿಮೆ ಆಗದ ಮಾತು. ಹೊಸ ಐಓಎಸ್ ಬಂದ ಕೆಲವೇ ವಾರಗಳಲ್ಲಿ ಆಪಲ್ ಹಳೆಯದಕ್ಕೆ ಅನುಮತಿ ನಿಲ್ಲಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ಹಳೆಯ ಆವೃತ್ತಿ ಹಾಕಲು ಹೋದರೆ ಫೋನಿನಲ್ಲಿದ್ದದ್ದೆಲ್ಲ ಅಳಿಯುತ್ತದೆ, ಅನೇಕ ಮಾಡೆಲ್‌ಗಳು ಅದಕ್ಕೂ ಬಿಡುವುದಿಲ್ಲ. “ಮದಲಿನಂಗ ಮಾಡಿ ಕೊಡ್ರಿ” ಎಂದು ನೀವು ಬಂದಾಗ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಆದ್ದರಿಂದ ಕೇಳುವುದು ಮೊದಲೇ ಆಗಬೇಕು.

ಹಾಗೆಂದು ಹೊಸ ಆವೃತ್ತಿ ಎಂದರೆ ಕೇಡೇ ಎಂದು ತಿಳಿಯಬೇಡಿ. 2012ರಲ್ಲಿ ಜೆಲ್ಲಿ ಬೀನ್ ಎಂಬ ಆಂಡ್ರಾಯ್ಡ್ ಆವೃತ್ತಿ ಬರುವ ಮುಂಚೆ ಬಹಳಷ್ಟು ಆಂಡ್ರಾಯ್ಡ್ ಫೋನ್‌ಗಳಲ್ಲಿ ಕನ್ನಡ ಅಕ್ಷರ ಬರೀ ಚೌಕ ಚೌಕವಾಗಿ ಕಾಣುತ್ತಿತ್ತು. ಹಳೆಯ ಆವೃತ್ತಿಯಲ್ಲೇ ಉಳಿದುಬಿಟ್ಟರೆ ಒಂದು ದಿನ ವಾಟ್ಸ್ಆ್ಯಪ್ಪೂ ನಿಲ್ಲುತ್ತದೆ. 2023ರ ಅಕ್ಟೋಬರಿನಿಂದ ಅದು ಆಂಡ್ರಾಯ್ಡ್ 5ಕ್ಕಿಂತ ಹಳೆಯ ಫೋನ್‌ಗಳಲ್ಲಿ ನಡೆಯುವುದಿಲ್ಲ. ನಮ್ಮ ಸಲಹೆ ಇಷ್ಟೇ. ಹೊಸ ಆವೃತ್ತಿ ಬಂದ ದಿನವೇ ಹಾಕಿಕೊಳ್ಳಬೇಡಿ, ಮೂರ್ನಾಲ್ಕು ವಾರ ತಡೆಯಿರಿ, ಬೇರೆಯವರಿಗೆ ಏನಾಯಿತು ಕೇಳಿ. ಆಪಲ್ ಕೂಡ ಮಾಡುವುದು ಅದನ್ನೇ. ಅವರ ಸಾಫ್ಟ್‌ವೇರ್ ಮುಖ್ಯಸ್ಥ ಕ್ರೇಗ್ ಫೆಡರಿಗಿ 2022ರಲ್ಲಿ ಗ್ರಾಹಕರೊಬ್ಬರಿಗೆ ಬರೆದ ಉತ್ತರದ ಪ್ರಕಾರ, ತಾವಾಗಿ ಹೋಗಿ ಹುಡುಕಿದವರಿಗೆ ಅಪ್‌ಡೇಟ್ ಮೊದಲು ಸಿಗುತ್ತದೆ, ಆಟೊಮ್ಯಾಟಿಕ್ ಇಟ್ಟವರಿಗೆ ಒಂದರಿಂದ ನಾಲ್ಕು ವಾರ ತಡವಾಗಿ ಬರುತ್ತದೆ.

ಇನ್ನು ಆ್ಯಪ್‌ಗಳು. ಇಲ್ಲಿ ತೊಂದರೆ ಹೆಚ್ಚಾಗಿ ಚಹರೆಯದು. 2025ರ ಆಗಸ್ಟಿನಲ್ಲಿ ಗೂಗಲ್‌ನ ಫೋನ್ ಆ್ಯಪ್ ಹೊಸ ರೂಪ ತಾಳಿದಾಗ, ಕರೆ ಎತ್ತುವ ರೀತಿಯೇ ಬದಲಾಗಿ ದೇಶದ ತುಂಬ ಜನ ಗಾಬರಿಯಾದರು, ಫೋನ್ ಹ್ಯಾಕ್ ಆಯಿತೇನೋ ಅಂದುಕೊಂಡವರೂ ಇದ್ದರು. ಆಂಡ್ರಾಯ್ಡ್ ಆವೃತ್ತಿ ಬದಲಾಗಿರಲಿಲ್ಲ, ಬದಲಾದದ್ದು ಆ ಒಂದು ಆ್ಯಪ್ ಮಾತ್ರ. ಇಂಥದ್ದನ್ನು ತಡೆಯಲು ಎಲ್ಲ ಆ್ಯಪ್‌ಗಳನ್ನೂ ಬಂದ್ ಮಾಡಬೇಕಿಲ್ಲ. ಪ್ಲೇ ಸ್ಟೋರಿನಲ್ಲಿ ಆ ಆ್ಯಪಿನ ಪುಟಕ್ಕೆ ಹೋಗಿ, ಮೇಲಿನ ಮೂರು ಚುಕ್ಕಿ ಒತ್ತಿ, ಆಟೊ ಅಪ್‌ಡೇಟ್ ಎದುರಿನ ಗುರುತು ತೆಗೆದರಾಯಿತು. ಉಳಿದವಕ್ಕೆಲ್ಲ ಪ್ಲೇ ಸ್ಟೋರಿನ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಪ್ರಿಫರೆನ್ಸಸ್ ಎಂಬಲ್ಲಿ ‘ವೈಫೈ ಇದ್ದಾಗ ಮಾತ್ರ’ ಎಂದು ಆರಿಸಿಟ್ಟರೆ ಡೇಟಾ ಉಳಿಯುತ್ತದೆ. ಅಜ್ಜ ಅಜ್ಜಿಯರ ಫೋನಿನಲ್ಲಿ ಡಯಲರ್ (ಕರೆ ಮಾಡುವ ಆ್ಯಪ್) ಮತ್ತು ಕೀಬೋರ್ಡ್ ಎರಡರದ್ದು ಬಂದ್ ಇರಲಿ, ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳದ್ದು ಚಾಲೂ ಇರಲಿ ಎನ್ನುವುದು ನಮ್ಮ ಅಭಿಪ್ರಾಯ.

ಈಗ ಕೌಂಟರಿನಲ್ಲಿ ಏನಾಗುತ್ತದೆ ಎಂದರೆ, ಈ ಮೂರು ಬಗೆಗೂ ಜಾಬ್ ಕಾರ್ಡಿನಲ್ಲಿ ಒಂದೊಂದು ಸಾಲು ಇರುತ್ತದೆ. “ನನಗ ತಿಳಿಯಂಗಿಲ್ಲ, ನೀವ ನೋಡ್ಕೋರಿ” ಎಂದರೆ ಸೆಕ್ಯುರಿಟಿ ಪ್ಯಾಚ್ ಚಾಲೂ, ಹೊಸ ಆವೃತ್ತಿ ಕೇಳಿಯೇ ಹಾಕುವುದು, ಆ್ಯಪ್‌ಗಳು ವೈಫೈಯಲ್ಲಿ ಮಾತ್ರ ಎಂದು ಇಡುತ್ತೇವೆ. ಐಫೋನಿನಲ್ಲಿ ಸಣ್ಣ ಸೆಕ್ಯುರಿಟಿ ಪ್ಯಾಚಿಗೆ ಬೇರೆ ಸ್ವಿಚ್ ಇದೆ, ಆದರೆ ಹೆಚ್ಚಿನ ಪ್ಯಾಚ್‌ಗಳು ಐಓಎಸ್ ಅಪ್‌ಡೇಟಿನ ಒಳಗೇ ಬರುತ್ತವೆ. ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ಪ್ಯಾಚ್, ಹೊಸ ಆವೃತ್ತಿ ಎರಡೂ ಒಂದೇ ದಾರಿಯಲ್ಲಿ ಬರುತ್ತವೆ. ಅಲ್ಲಿ ಡೌನ್‌ಲೋಡ್ ಆಗಲು ಬಿಟ್ಟು, ರೀಸ್ಟಾರ್ಟ್ ಆದಾಗ ತಾನೇ ಹಾಕಿಕೊಳ್ಳುವುದನ್ನು ಡೆವಲಪರ್ ಆಪ್ಷನ್ಸ್ ಎಂಬ ಒಳ ಸೆಟ್ಟಿಂಗ್ಸ್‌ನಲ್ಲಿ ತಡೆಯುತ್ತೇವೆ. ಆಮೇಲೆ ಫೋನ್ ಕೇಳಿದಾಗ ಅದು ತಿಂಗಳ ಪ್ಯಾಚೋ ಹೊಸ ಆವೃತ್ತಿಯೋ ಎಂದು ಓದಿ ನೋಡಿ ಒಪ್ಪುವ ಕೆಲಸ ನಿಮ್ಮದು. ತಿಳಿಯದಿದ್ದರೆ ಆ ಪರದೆಯ ಸ್ಕ್ರೀನ್‌ಶಾಟ್ ಅಂಗಡಿಯ ವಾಟ್ಸ್ಆ್ಯಪ್‌ಗೆ ಕಳಿಸಿ, ಹೇಳುತ್ತೇವೆ.

ರಿಪೇರಿಗೆ ಬಂದ ಫೋನಿಗೆ ನಿಮ್ಮನ್ನು ಕೇಳದೆ ನಾವು ಯಾವ ಅಪ್‌ಡೇಟನ್ನೂ ಹಾಕುವುದಿಲ್ಲ. ಡಿಸ್‌ಪ್ಲೇ ಬದಲಿಸಲು ಕೊಟ್ಟ ಫೋನ್ ಡಿಸ್‌ಪ್ಲೇ ಬದಲಾಗಿಯೇ ಬರುತ್ತದೆ, ಬೇರೆ ಚಹರೆಯಲ್ಲಿ ಬರುವುದಿಲ್ಲ. ಊರಾಚೆ ಇರುವ ಮಕ್ಕಳು ನಮಗೆ ಫೋನ್ ಮಾಡಿ “ಅಪ್ಪಾಜಿ ಫೋನ್ ಅಪ್‌ಡೇಟ್ ಮಾಡಿಬಿಡ್ರಿ, ಅವರಿಗೇನೂ ಹೇಳಬ್ಯಾಡ್ರಿ” ಎಂದು ಹೇಳುವುದುಂಟು. ಕಾಳಜಿ ಅರ್ಥವಾಗುತ್ತದೆ. ಆದರೂ ಫೋನ್ ಬಳಸುವವರು ಅಪ್ಪಾಜಿ. ಅವರ ಎದುರಿಗೆ ಕೂತು ವಿವರಿಸಿ, ಅವರು ಹೂಂ ಎಂದ ಮೇಲೆಯೇ ಮಾಡುತ್ತೇವೆ. ಇದರಿಂದ ಮಕ್ಕಳಿಗೆ ಬೇಸರವಾದರೆ ಕ್ಷಮೆ ಇರಲಿ.

ನಮ್ಮ ಕೈ ಮೀರಿದ್ದೂ ಇದೆ. ಆಂಡ್ರಾಯ್ಡ್ 10ರಿಂದ, ಅಂದರೆ 2019ರಿಂದ, ಫೋನಿನ ಒಳಗಿನ ಕೆಲವು ಭಾಗಗಳನ್ನು ಗೂಗಲ್ ಪ್ಲೇ ಮೂಲಕವೇ ನೇರವಾಗಿ ಬದಲಿಸಲಾಗುತ್ತದೆ. ಅದನ್ನು ಪೂರ್ತಿ ನಿಲ್ಲಿಸಲು ಸಾಮಾನ್ಯ ಸ್ವಿಚ್ ಇಲ್ಲ. 2025ರ ಜನವರಿಯಲ್ಲಿ ಗೂಗಲ್‌ನ ಪಿಕ್ಸೆಲ್ 4ಎ ಫೋನ್‌ಗಳಿಗೆ ತಾನಾಗಿ ಬಂದ ಅಪ್‌ಡೇಟ್ ಕೆಲವರ ಬ್ಯಾಟರಿಯ ಸಾಮರ್ಥ್ಯವನ್ನೇ ಕಡಿಮೆ ಮಾಡಿತು. ಬೇಡ ಎನ್ನಲು ಅವಕಾಶವಿರಲಿಲ್ಲ, ಹಳೆಯ ಆವೃತ್ತಿಗಳನ್ನೂ ಗೂಗಲ್ ತೆಗೆದುಹಾಕಿತ್ತು. ಪರಿಹಾರವನ್ನೇನೋ ಘೋಷಿಸಿದರು. ಜಾಬ್ ಕಾರ್ಡಿನಲ್ಲಿ ನೀವು ಏನೇ ಬರೆಸಿದ್ದರೂ ಇಂಥದ್ದನ್ನು ನಾವು ತಡೆಯಲಾರೆವು. ಹೊಸ ಫೋನ್ ಕೊಳ್ಳುವಾಗ ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ ಎಂದು ಕೇಳಿ. ಪಿಕ್ಸೆಲ್ 8, ಗ್ಯಾಲಕ್ಸಿ ಎಸ್24ರಿಂದೀಚೆಗೆ ಏಳು ವರ್ಷದ ಭರವಸೆ ಕೊಡುವ ಮಾಡೆಲ್‌ಗಳಿವೆ, ಎರಡು ವರ್ಷಕ್ಕೇ ಕೈಬಿಡುವವೂ ಇವೆ. ಬೆಲೆ ಪಟ್ಟಿಯಲ್ಲಿ ಇನ್ನು ಮುಂದೆ ಕಂಪನಿ ಹೇಳಿರುವ ಈ ಅವಧಿಯನ್ನೂ ಬರೆಯುತ್ತೇವೆ.

ಒಂದು ಎಚ್ಚರಿಕೆ. ವಾಟ್ಸ್ಆ್ಯಪ್‌ನಲ್ಲಿ ಎಪಿಕೆ ಫೈಲ್ (ಒತ್ತಿದರೆ ಆ್ಯಪ್ ಹಾಕುವ ಫೈಲ್) ಕಳಿಸಿ “ಬ್ಯಾಂಕ್ ಆ್ಯಪ್ ಅಪ್‌ಡೇಟ್ ಮಾಡಿ”, “ಚಲನ್ ನೋಡಿ” ಎಂದರೆ ಅದು ಕಳ್ಳರದ್ದು. ನಿಜವಾದ ಅಪ್‌ಡೇಟ್ ಪ್ಲೇ ಸ್ಟೋರ್, ಆ್ಯಪ್ ಸ್ಟೋರ್ ಅಥವಾ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬರುತ್ತದೆ. ಒತ್ತಿ ದುಡ್ಡು ಹೋಗಿದ್ದರೆ ಮೊದಲು 1930ಕ್ಕೆ ಫೋನ್ ಮಾಡಿ, ಆಮೇಲೆ ನಮ್ಮಲ್ಲಿಗೆ ಬನ್ನಿ.

ನಾವೇ ಈ ಹಿಂದೆ ಬಂದ್ ಮಾಡಿ ಕೊಟ್ಟ ಫೋನ್‌ಗಳನ್ನು ಅಂಗಡಿಗೆ ತಂದರೆ ಹೊಸ ರೀತಿಯಲ್ಲಿ ಇಟ್ಟು ಕೊಡುತ್ತೇವೆ. ಇದಕ್ಕೆ ಹಣವಿಲ್ಲ, ಡೌನ್‌ಲೋಡಿಗೆ ಅಂಗಡಿಯ ವೈಫೈ ಬಳಸಬಹುದು. ಹೊಸ ಆವೃತ್ತಿ ಹಾಕಿಸುವುದಾದರೆ ಮೊದಲು ಫೋಟೊ, ಕಾಂಟ್ಯಾಕ್ಟ್‌ಗಳ ಬ್ಯಾಕಪ್ ತೆಗೆಯುವುದು ಕಡ್ಡಾಯ, ಅದಕ್ಕೆ 100 ರೂಪಾಯಿ. ಸೋಮವಾರದಿಂದ ಶುಕ್ರವಾರದವರೆಗೆ ಮಧ್ಯಾಹ್ನ ಮೂರರ ಮೇಲೆ ಬಂದರೆ ಒಳ್ಳೆಯದು, ಶನಿವಾರ ರಿಪೇರಿ ಗದ್ದಲ ಜಾಸ್ತಿ. ಬರುವಾಗ ಫೋನ್ ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇರಲಿ, ಗೂಗಲ್ ಅಥವಾ ಆಪಲ್ ಖಾತೆಯ ಪಾಸ್‌ವರ್ಡ್ ಗೊತ್ತಿರಲಿ. ಪಾಸ್‌ವರ್ಡ್ ನಮಗೆ ಹೇಳಬೇಡಿ, ನೀವೇ ಒತ್ತಿ.

ಇಂತಿ ನಿಮ್ಮ ವಿಶ್ವಾಸಿಗಳು,
ಅಂಗಡಿಯ ಬಳಗ, ಧಾರವಾಡ